ಸೈತಾನ ಮೊದಲು ಏನ್ ಕೆಲಸದಲ್ಲಿದ್ದ?

ನಮ್ಮಜ್ಜಿ ಮನೇಲಿ ರಾತ್ರಿ ಊಟಕ್ಕೆ ಮುಂಚೆ ಬೈಬಲ್ ಓದ್ಲೇಬೇಕಿತ್ತು, ಓದ್ದೇ ಇದ್ರೆ ತಟ್ಟೆ ಮುಂದೆ ಬರ್ತಾನೇ ಇರ್ಲಿಲ್ಲ. ಹಾಸನದ ಹತ್ರ ಊರು, ಬೇಸಿಗೆ ರಜ, ಕರೆಂಟ್ ಹೋಗಿದೆ, ಲಾಟೀನು ಇಟ್ಕೊಂಡು ನಾನು ಯೋಬನ ಗ್ರಂಥ ಓದ್ತಿದೀನಿ. ಒಂದಿನ ದೇವದೂತರೆಲ್ಲ ಯೆಹೋವನ, ಅಂದ್ರೆ ದೇವರ, ಸನ್ನಿಧಿಗೆ ಬಂದ್ರಂತೆ, ಅವರ ಜೊತೆ ಸೈತಾನನೂ ಬಂದನಂತೆ. ಅಲ್ಲಿಗೆ ನಿಲ್ಲಿಸ್ಬಿಟ್ಟೆ. ಯಾಕಂದ್ರೆ ಅದರ ಹಿಂದಿನ ವಾರ ತಾನೇ ಸಂಡೇ ಸ್ಕೂಲಲ್ಲಿ ಅಕ್ಕ ಚಿತ್ರ ತೋರಿಸಿ ಹೇಳಿಕೊಟ್ಟಿದ್ರು, ಲೂಸಿಫರ್ ಅಂತ ಒಬ್ಬ ಚೆಂದದ ದೇವದೂತ ಇದ್ದ, ಅಹಂಕಾರ ಬಂತು, ದೇವರ ಸಿಂಹಾಸನಕ್ಕೇ ಕಣ್ಣು ಹಾಕ್ದ, ಮೇಲಿಂದ ಕೆಳಗೆ ನೂಕಿದ್ರು, ಅವನೇ ಸೈತಾನ ಅಂತ. "ಅಜ್ಜಿ, ಇವನನ್ನ ಆವಾಗ್ಲೇ ಓಡಿಸಿದ್ರಲ್ಲ, ಮತ್ತೆ ಮೀಟಿಂಗಿಗೆ ಹೆಂಗೆ ಬಂದ?" ಅಂತ ಕೇಳ್ದೆ. ಅಜ್ಜಿ ಕೋಳಿಗೂಡಿನ ಬಾಗಿಲು ಹಾಕಿದೀನೋ ಇಲ್ವೋ ಅನ್ನೋ ಯೋಚನೇಲಿದ್ರು. "ಕರೆದಿರ್ತಾರೆ, ಬಂದಿರ್ತಾನೆ. ಮುಂದೆ ಓದು, ಸಾರು ಆರೋಗತ್ತೆ" ಅಂದ್ರು.

ಕರೆದಿರ್ತಾರೆ, ಬಂದಿರ್ತಾನೆ. ಆಮೇಲೆ ಎಷ್ಟೋ ವರ್ಷ ಅಲ್ಲಿ ಇಲ್ಲಿ ಓದಿದ್ಮೇಲೆ ಗೊತ್ತಾಗಿದ್ದು ಅಂದ್ರೆ ಅಜ್ಜಿ ಸಾರಿನ ಚಿಂತೇಲಿ ಹೇಳಿದ್ದೇ ಸರಿಯಾದ ಉತ್ತರ ಅಂತ.

ಹೀಬ್ರೂನಲ್ಲಿ ಸಾಟಾನ್ ಅನ್ನೋದು ಮಾಮೂಲಿ ಪದ, ಎದುರು ನಿಲ್ಲೋನು, ಅಡ್ಡ ಹಾಕೋನು, ದೂರು ಹೇಳೋನು ಅಂತ ಅರ್ಥ, ಯಾರು ಬೇಕಾದ್ರೂ ಆಗಬಹುದು. ಬೈಬಲಿನ ಅರಣ್ಯಕಾಂಡದಲ್ಲಿ ಬಿಳಾಮ ಅನ್ನೋನು ಕತ್ತೆ ಮೇಲೆ ಕೂತು ಹೋಗ್ತಿರ್ತಾನಲ್ಲ, ದಾರೀಲಿ ಕತ್ತಿ ಹಿರಿದು ಅಡ್ಡ ನಿಲ್ಲೋನು ಯೆಹೋವನ ದೂತನೇ, ಕತ್ತೆಗೆ ಕಾಣತ್ತೆ ಇವನಿಗೆ ಕಾಣಲ್ಲ, ಆ ದೂತ ಅವನಿಗೆ ಸಾಟಾನ್ ಆಗಿ ನಿಂತ ಅಂತಲೇ ಮೂಲದಲ್ಲಿರೋದು. ಅಂದ್ರೆ ದೇವರು ಕಳಿಸಿದ ದೂತನೇ ಸೈತಾನ! ಸಮುವೇಲನ ಪುಸ್ತಕದಲ್ಲಿ ಫಿಲಿಷ್ಟಿಯರ ಸರದಾರರು ದಾವೀದನನ್ನ ಯುದ್ಧಕ್ಕೆ ಕರ್ಕೊಂಡು ಹೋಗೋದು ಬೇಡ, ನಡುವಲ್ಲಿ ತಿರುಗಿಬಿದ್ದು ನಮಗೇ ಸಾಟಾನ್ ಆಗ್ತಾನೆ ಅಂತಾರೆ, ಇಲ್ಲಿ ದಾವೀದನೇ ಸೈತಾನ. ಕನ್ನಡ ಬೈಬಲಲ್ಲಿ ಈ ಜಾಗದಲ್ಲೆಲ್ಲ ಸೈತಾನ ಅಂತ ಹಾಕಿಲ್ಲ, ಹಾಕಿದ್ರೆ ಓದೋರು ಗಾಬರಿಯಾಗ್ತಿದ್ರು ಬಿಡಿ, ಹಾಗಾಗಿ ಎರಡೂ ಒಂದೇ ಪದ ಅಂತ ನಮಗೆ ಗೊತ್ತೇ ಆಗಲ್ಲ.

ಯೋಬನ ಕಥೇಲಿ ಬರೋನಿಗೆ ಪದದ ಮೊದಲಲ್ಲಿ ಒಂದು "ಹಾ" ಸೇರಿಸಿದಾರೆ, ಹಾ-ಸಾಟಾನ್. ಇಂಗ್ಲಿಷಲ್ಲಿ ದಿ ಅಂತಾರಲ್ಲ ಅದು. ಹೀಬ್ರೂನಲ್ಲೂ ಮನುಷ್ಯರ ಹೆಸರಿಗೆ ಅದು ಅಂಟಲ್ಲ, ದಿ ಮೋಶೆ ದಿ ದಾವೀದ ಅಂತ ಯಾರೂ ಅನ್ನಲ್ಲ. ಹುದ್ದೆಗೆ ಅಂಟತ್ತೆ. ಅಂದ್ರೆ ಇದು ಪೋಸ್ಟು, ಹೆಸರಲ್ಲ, ಆ ದೂರು ವಿಚಾರಿಸೋನು ಅಂತ. ಕನ್ನಡದಲ್ಲಿ ಆ ದಿ ಅನ್ನೋ ಸೌಕರ್ಯ ಇಲ್ಲ, ಸೈತಾನನು ಅಂತ ಬರೆದ ತಕ್ಷಣ ರಾಮನು ಕೃಷ್ಣನು ಥರ ಹೆಸರೇ ಆಗ್ಬಿಡತ್ತೆ. ನಮ್ಮೂರಲ್ಲಿ ಪಟೇಲರ ಮನೆ ಅಂತ ಇದೆ, ಪಟೇಲಿಕೆ ಕಾನೂನಲ್ಲೇ ಹೋಗಿ ಯಾವ ಕಾಲ ಆಯ್ತು, ಈಗ ಆ ಮನೆ ಹುಡುಗ ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತಾನೆ, ಆದ್ರೂ ಅವನ ಮೇಲ್ ಐಡೀಲಿ ಪಟೇಲ್ ಅಂತಲೇ ಇದೆ. ಸೈತಾನನಿಗೂ ಆಗಿದ್ದು ಅದೇ, ಹುದ್ದೆ ಹೋಯ್ತು ಹೆಸರು ಉಳೀತು.

ಆ ಹುದ್ದೆಯವನು ಮಾಡೋ ಕೆಲಸ ನೋಡಿ. ಎಲ್ಲಿಂದ ಬಂದೆ ಅಂತ ದೇವರು ಕೇಳಿದ್ರೆ ಭೂಮಿ ಮೇಲೆಲ್ಲ ಓಡಾಡ್ಕೊಂಡು ಬಂದೆ ಅಂತಾನೆ, ರೌಂಡ್ಸ್ ಮುಗಿಸಿ ರಿಪೋರ್ಟ್ ಮಾಡೋಕೆ ಬಂದ ವಿಜಿಲೆನ್ಸ್ ಇನ್ಸ್‌ಪೆಕ್ಟರ್ ಥರ. ಯೋಬನ ಸುದ್ದಿ ಮೊದಲು ಎತ್ತೋದು ಸೈತಾನ ಅಲ್ಲ, ದೇವರೇ! ನನ್ನ ಯೋಬನ್ನ ನೋಡಿದ್ಯಾ ಅಂತ ಹೆಮ್ಮೆಯಿಂದ. ಅದಕ್ಕೆ ಇವನು ಕೇಳೋದು ಒಂದೇ ಪ್ರಶ್ನೆ, ಸುಮ್ನೆ ಭಕ್ತಿ ಮಾಡ್ತಾನಾ ಅವನು? 7000 ಕುರಿ, 3000 ಒಂಟೆ, ಹತ್ತು ಜನ ಮಕ್ಕಳು, ಸುತ್ತ ಬೇಲಿ ಹಾಕಿ ಕಾಪಾಡಿದೀಯ, ಅದನ್ನ ಕಿತ್ಕೊಂಡು ನೋಡು. ಕೇಳಬೇಕಾದ ಪ್ರಶ್ನೇನೇ ಅಲ್ವಾ? ನನಗಂತೂ ಇಡೀ ಬೈಬಲಲ್ಲಿ ತುಂಬಾ ಇಷ್ಟದ ಪ್ರಶ್ನೆ ಇದು. ಆಮೇಲೆ ಪರ್ಮಿಷನ್ ತಗೊಂಡೇ ಕೈ ಹಾಕ್ತಾನೆ, ಜೀವಕ್ಕೆ ಮಾತ್ರ ಮುಟ್ಟಬೇಡ ಅಂದ್ರೆ ಮುಟ್ಟಲ್ಲ. ಈ ಕಥೆ ನನ್ನ ಫ್ರೆಂಡಿಗೆ ಹೇಳಿದಾಗ ಅವಳು "ಅಯ್ಯೋ ಇದು ಹರಿಶ್ಚಂದ್ರನ ಕಥೆ ಕಣೇ, ಇಂದ್ರನ ಸಭೇಲಿ ವಸಿಷ್ಠ ಹೊಗಳ್ತಾನೆ ವಿಶ್ವಾಮಿತ್ರ ಪಂಥ ಕಟ್ತಾನೆ" ಅಂದ್ಲು, ಪೂರ್ತಿ ಒಂದೇ ಅಲ್ಲದಿದ್ರೂ ವಿಶ್ವಾಮಿತ್ರನನ್ನ ಯಾರೂ ರಾಕ್ಷಸ ಅನ್ನಲ್ಲ ಅಲ್ವಾ, ಆ ಅರ್ಥದಲ್ಲಿ ಹೌದು.

ಇನ್ನೊಂದು ವಿಷ್ಯ, ಯೋಬನ ಗ್ರಂಥದಲ್ಲಿ 42 ಅಧ್ಯಾಯ ಇದೆ, ಸೈತಾನ ಇರೋದು ಮೊದಲನೇ ಎರಡರಲ್ಲಿ ಮಾತ್ರ. ಆಮೇಲೆ ನಾಪತ್ತೆ. ಕೊನೇಲಿ ಬಂಧುಗಳೆಲ್ಲ ಬಂದು ಯೋಬನಿಗೆ ಸಮಾಧಾನ ಹೇಳ್ತಾರೆ, ಯಾವುದಕ್ಕೆ ಅಂದ್ರೆ ಯೆಹೋವ ಅವನ ಮೇಲೆ ತಂದ ಕೇಡಿಗೆಲ್ಲ ಅಂತ ಬರೆದಿದೆ. ಯೆಹೋವ ತಂದ ಕೇಡು. ಸೈತಾನ ತಂದಿದ್ದು ಅಂತ ಇಲ್ಲ. ಬರೆದೋರಿಗೆ ಅದರಲ್ಲಿ ಮುಜುಗರ ಇರ್ಲಿಲ್ಲ.

ಮುಜುಗರ ಶುರುವಾಗಿದ್ದು ಆಮೇಲೆ. ಅದನ್ನ ಕಣ್ಣಾರೆ ನೋಡಬೇಕು ಅಂದ್ರೆ ಎರಡು ಪುಟ ಅಕ್ಕಪಕ್ಕ ಇಟ್ಕೊಂಡು ಓದಿ. ಎರಡನೇ ಸಮುವೇಲ 24ನೇ ಅಧ್ಯಾಯದ ಮೊದಲನೇ ವಚನ, ಯೆಹೋವನಿಗೆ ಇಸ್ರಾಯೇಲಿನ ಮೇಲೆ ಸಿಟ್ಟು ಬಂತು, ಜನಗಣತಿ ಮಾಡು ಅಂತ ರಾಜ ದಾವೀದನನ್ನ ಪ್ರೇರೇಪಿಸಿದ. ಗಣತಿ ಆಯ್ತು, ಅದೇ ತಪ್ಪು ಅಂತ ಶಿಕ್ಷೆಗೆ ವ್ಯಾಧಿ ಬಂದು 70,000 ಜನ ಸತ್ರು. ಮಾಡು ಅಂತ ಹೇಳಿದೋನೂ ಅವನೇ, ಮಾಡಿದ್ದಕ್ಕೆ ಹೊಡೆಯೋನೂ ಅವನೇ. ಈಗ ಪೂರ್ವಕಾಲವೃತ್ತಾಂತದ ಮೊದಲನೇ ಭಾಗ, 21ನೇ ಅಧ್ಯಾಯ, ಇದನ್ನ ಬರೆದಿದ್ದು ಆಮೇಲೆ, ಸುಮಾರು ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಅಂತಾರೆ. ಅದೇ ಗಣತಿ, ಅದೇ 70,000, ಮೂಲದಲ್ಲಿ ಪ್ರೇರೇಪಿಸಿದ ಅನ್ನೋಕೆ ಕ್ರಿಯಾಪದ ಕೂಡ ಅದೇ, ಆದ್ರೆ ಪ್ರೇರೇಪಿಸಿದೋನು ಮಾತ್ರ ಈಗ ಸಾಟಾನ್. ಪದದ ಮೊದಲಿನ ಆ "ಹಾ" ಕೂಡ ಇಲ್ಲ ಇಲ್ಲಿ.

ನಾನು ಇದಕ್ಕೆ ಖಾತೆ ಬದಲಾವಣೆ ಅಂತೀನಿ. ಸೈಟು ಅಲ್ಲೇ ಇದೆ, ಚೆಕ್ಕುಬಂದಿ ಬದಲಾಗಿಲ್ಲ, ಖಾತೇಲಿ ಹೆಸರು ಮಾತ್ರ ಬೇರೆ. ಒಂದು ಸಲ ಈ ಅಭ್ಯಾಸ ಶುರುವಾದ್ಮೇಲೆ ನಿಲ್ಲಲ್ಲ. ಕ್ರಿ.ಪೂ. ಎರಡನೇ ಶತಮಾನದಲ್ಲಿ ಜೂಬಿಲೀಸ್ ಅಂತ ಒಂದು ಯೆಹೂದಿ ಪುಸ್ತಕ ಬಂತು, ಆದಿಕಾಂಡದ ಕಥೆಗಳನ್ನೇ ಮತ್ತೆ ಹೇಳೋದು, ಅದರಲ್ಲಿ ಮಸ್ತೇಮ ಅಂತ ಒಬ್ಬ ಇದಾನೆ, ದುಷ್ಟ ಆತ್ಮಗಳ ಯಜಮಾನ. ಅಬ್ರಹಾಮ ಮಗನನ್ನ ಬಲಿ ಕೊಡೋ ಪರೀಕ್ಷೆ ಇದೆಯಲ್ಲ, ಆ ಐಡಿಯಾ ದೇವರದ್ದಲ್ಲ, ಮಸ್ತೇಮ ಬಂದು ಕಿವಿ ಊದಿದ್ದು ಅಂತಾಗತ್ತೆ. ವಿಮೋಚನಕಾಂಡದಲ್ಲಿ ಯೆಹೋವ ಇದ್ದಕ್ಕಿದ್ದಂಗೆ ದಾರೀಲಿ ಮೋಶೆಯನ್ನ ಕೊಲ್ಲೋಕೆ ನೋಡ್ದ ಅಂತ ಒಂದು ವಿಚಿತ್ರ ಜಾಗ ಇದೆ, ಅದೂ ಮಸ್ತೇಮನ ಖಾತೆಗೆ ಹೋಯ್ತು. ಇನ್ನೂ ಮಜಾ ಅಂದ್ರೆ, ದುಷ್ಟ ಆತ್ಮಗಳನ್ನೆಲ್ಲ ಕಟ್ಟಿ ಹಾಕಿ ಅಂತ ದೇವರು ಹೇಳಿದಾಗ ಇವನು ಬಂದು ಒಂದಷ್ಟಾದ್ರೂ ಬಿಡಿ ಸ್ವಾಮಿ, ಇಲ್ದಿದ್ರೆ ನಾನು ಕೆಲಸ ಮಾಡೋದು ಹೆಂಗೆ ಅಂತ ಕೇಳ್ಕೊಂಡು ಹತ್ತನೇ ಒಂದು ಪಾಲು ಬಿಡಿಸ್ಕೊತಾನೆ. ಸ್ಟಾಫ್ ಕಮ್ಮಿ ಆದ್ರೂ ಡಿಪಾರ್ಟ್‌ಮೆಂಟ್ ಉಳೀತು.

ಹನೋಕನ ಪುಸ್ತಕ ಅಂತ ಇನ್ನೊಂದು ಹಳೇ ಯೆಹೂದಿ ಪುಸ್ತಕದಲ್ಲಿ ಬೇರೇನೇ ಕಥೆ. ಆದಿಕಾಂಡ ಆರನೇ ಅಧ್ಯಾಯದಲ್ಲಿ ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳನ್ನ ನೋಡಿ ಮದುವೆ ಆದ್ರು ಅಂತ ನಾಲ್ಕು ಸಾಲು ಬರತ್ತಲ್ಲ, ಅದನ್ನ ಎಳೆದು ದೊಡ್ಡದು ಮಾಡಿದಾರೆ. 200 ಜನ ದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು ಆಣೆ ಮಾಡ್ಕೊಂಡು ಕೆಳಗೆ ಬರ್ತಾರೆ, ಅದರಲ್ಲಿ ಅಸಾಯೇಲ ಅಥವಾ ಅಜಾಜೇಲ ಅನ್ನೋನು ಗಂಡಸರಿಗೆ ಕತ್ತಿ ಮಾಡೋದು, ಹೆಂಗಸರಿಗೆ ಕಾಡಿಗೆ ಹಚ್ಕೊಳ್ಳೋದು ಹೇಳಿಕೊಡ್ತಾನೆ. ಕತ್ತಿ ಮತ್ತು ಕಾಡಿಗೆ ಒಂದೇ ಲೆವೆಲ್ಲಿನ ಪಾಪ, ಇರ್ಲಿ. ಗಮನಿಸಬೇಕಾಗಿದ್ದು ಏನಂದ್ರೆ ದೂತರು ಬಿದ್ರು ಅನ್ನೋ ಕಥೆ ಹುಟ್ಟಿದ್ದು ಇಲ್ಲಿ, ಬಿದ್ದಿದ್ದು ಆಸೆಗೆ, ಸಿಂಹಾಸನದ ಅಹಂಕಾರಕ್ಕಲ್ಲ. ಈ ಗುಂಪಿನ ನಾಯಕನಿಗೂ ಯೋಬನ ಕಥೆಯ ಆ ಅಧಿಕಾರಿಗೂ ಆಗ ಸಂಬಂಧಾನೇ ಇರ್ಲಿಲ್ಲ. 1947ರಲ್ಲಿ ಮೃತ ಸಮುದ್ರದ ಹತ್ರ ಕುಮ್ರಾನ್ ಗುಹೇಲಿ ಸಿಕ್ಕ ಸುರುಳಿಗಳಲ್ಲಿ ಬೆಲಿಯಾಳ ಅಂತ ಇನ್ನೊಂದು ಹೆಸರು, ಬೆಳಕಿನ ಮಕ್ಕಳಿಗೂ ಕತ್ತಲೆ ಮಕ್ಕಳಿಗೂ ಕೊನೇ ಯುದ್ಧ. ಒಟ್ಟಲ್ಲಿ ಯೇಸು ಹುಟ್ಟೋ ಹೊತ್ತಿಗೆ ಯೆಹೂದಿಗಳಲ್ಲಿ ಈ ಥರ ನಾಲ್ಕೈದು ಜನ ಕ್ಯಾಂಡಿಡೇಟ್ಸ್ ಓಡಾಡ್ತಿದ್ರು, ಯಾರೂ ಫೈನಲ್ ಆಗಿರ್ಲಿಲ್ಲ.

ಇದೆಲ್ಲ ಪರ್ಷಿಯಾದಿಂದ ಬಂತು ಅಂತ ಹೇಳೋರು ಜಾಸ್ತಿ. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮ್ ಸುಟ್ಟು ಜನರನ್ನ ಎಳ್ಕೊಂಡು ಹೋದ್ರು, 539ರಲ್ಲಿ ಪರ್ಷಿಯಾದ ರಾಜ ಕೋರೆಷ ಬಾಬಿಲೋನನ್ನೇ ಗೆದ್ದ, ಆಮೇಲೆ ಇನ್ನೂರು ವರ್ಷ ಯೆಹೂದಿಗಳು ಅವರ ಕೈಕೆಳಗೆ ಇದ್ರು, ಅಲ್ಲಿ ಒಳ್ಳೇದಕ್ಕೆ ಅಹುರಮಜ್ದ ಕೆಟ್ಟದಕ್ಕೆ ಅಂಗ್ರಮೈನ್ಯು ಅಂತ ಇಬ್ಬರು. ಸೋಕಿರಬಹುದು. ಆದ್ರೆ ಅದೇ ಕೋರೆಷನ ಹೆಸರು ಹಿಡಿದು ಮಾತಾಡೋ ಯೆಶಾಯ 45ನೇ ಅಧ್ಯಾಯದಲ್ಲೇ ಬೆಳಕು ಮಾಡಿದ್ದೂ ನಾನೇ ಕತ್ತಲೆ ಮಾಡಿದ್ದೂ ನಾನೇ ಕೇಡು ತರೋನೂ ನಾನೇ ಅಂತ ದೇವರು ಹೇಳ್ತಾನೆ. ಹಂಗಾಗಿ ಎಲ್ಲಾನೂ ಪರ್ಷಿಯಾ ತಲೆಗೆ ಕಟ್ಟೋದು ನನಗೆ ಒಪ್ಪಲ್ಲ, ಅದೂ ಒಂದು ಖಾತೆ ಬದಲಾವಣೇನೇ.

ಹೊಸ ಒಡಂಬಡಿಕೆಗೆ, ಅಂದ್ರೆ ಯೇಸು ಕಥೆ ಇರೋ ಬೈಬಲಿನ ಎರಡನೇ ಭಾಗಕ್ಕೆ, ಬಂದ್ರೆ ಈ ಕ್ಯಾಂಡಿಡೇಟ್ಸ್ ಎಲ್ಲ ಸೇರಿ ಒಬ್ಬನಾಗ್ತಾನೆ. ಅಷ್ಟೊತ್ತಿಗೆ ಹೀಬ್ರೂ ಬೈಬಲ್ ಗ್ರೀಕಿಗೆ ಹೋಗಿತ್ತು, ಸಾಟಾನ್ ಅನ್ನೋದನ್ನ ಡಯಾಬೊಲೊಸ್ ಅಂತ ಮಾಡಿದ್ರು, ಚಾಡಿ ಹೇಳೋನು ಅಂತ, ಇಂಗ್ಲಿಷಿನ ಡೆವಿಲ್ ಅಲ್ಲಿಂದ ಬಂದಿದ್ದು. ಯೇಸುವನ್ನ ಅಡವೀಲಿ 40 ದಿನ ಪರೀಕ್ಷೆ ಮಾಡ್ತಾನೆ, ಪ್ರಪಂಚದ ರಾಜ್ಯಗಳೆಲ್ಲ ನಂದೇ ಬೇಕಾದ್ರೆ ನಿನಗೆ ಕೊಡ್ತೀನಿ ಅಂತಾನೆ, ಯೋಹಾನ ಇವನನ್ನ ಈ ಲೋಕದ ಅಧಿಪತಿ ಅಂತಲೇ ಕರೀತಾನೆ. ಮಿಂಚಿನ ಥರ ಆಕಾಶದಿಂದ ಬೀಳೋದನ್ನ ನೋಡ್ದೆ ಅಂತ ಯೇಸು ಹೇಳೋದು ಲೂಕನ ಸುವಾರ್ತೇಲಿದೆ. ಆದ್ರೂ ಹಳೇ ಕೆಲಸದ ವಾಸನೆ ಪೂರ್ತಿ ಹೋಗಿಲ್ಲ ನೋಡಿ. ಅದೇ ಲೂಕದಲ್ಲಿ ಕೊನೇ ಊಟದ ಹೊತ್ತಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳ್ತಾನೆ, ನಿಮ್ಮನ್ನ ಗೋಧಿ ಥರ ಜರಡಿ ಹಿಡಿಯೋಕೆ ಸೈತಾನ ಕೇಳ್ಕೊಂಡಿದಾನೆ ಅಂತ. ಕೇಳ್ಕೊಂಡಿದಾನೆ! ಇನ್ನೂ ಪರ್ಮಿಷನ್ ಕೇಳ್ತಾನೇ ಇದಾನೆ ಪಾಪ. ಪೇತ್ರನಿಗೇ ಇನ್ನೊಂದ್ಸಲ ಸೈತಾನನೇ ಹಿಂದೆ ಹೋಗು ಅಂತ ಬೈತಾನೆ, ಅಲ್ಲಿ ಬಿಳಾಮನ ಕತ್ತೆ ಮುಂದೆ ಇದ್ದ ಅರ್ಥಾನೇ ಇದೆ ಅಂತ ನನಗನ್ಸತ್ತೆ, ದಾರಿಗೆ ಅಡ್ಡ ಬರಬೇಡ ಅಂತ.

ಅಧಿಕೃತವಾಗಿ ಕೆಲಸದಿಂದ ತೆಗೆಯೋದು ಬೈಬಲಿನ ಕೊನೇ ಪುಸ್ತಕ ಪ್ರಕಟನೆಯ 12ನೇ ಅಧ್ಯಾಯದಲ್ಲಿ. ಮಹಾ ಘಟಸರ್ಪ, ಪುರಾತನ ಸರ್ಪ, ಪಿಶಾಚ, ಸೈತಾನ, ನಾಲ್ಕೂ ಒಬ್ಬನೇ ಅಂತ ಒಂದೇ ವಚನದಲ್ಲಿ ಹೇಳಿ ಮುಗಿಸ್ತಾರೆ. ಆದಿಕಾಂಡದ ಹಾವು ಬರೀ ಹಾವು, ಕಾಡುಪ್ರಾಣಿಗಳಲ್ಲಿ ಜಾಣ ಅಂತ ಇತ್ತೇ ಹೊರತು ಸೈತಾನ ಅನ್ನೋ ಪದಾನೇ ಅಲ್ಲಿಲ್ಲ. ಮುಂದಿನ ವಚನದಲ್ಲಿ ಹಗಲೂ ರಾತ್ರಿ ದೇವರ ಮುಂದೆ ನಮ್ಮೋರ ಮೇಲೆ ದೂರು ಹೇಳ್ತಿದ್ದ ದೂರುಗಾರನನ್ನ ಕೆಳಕ್ಕೆ ದೊಬ್ಬಿದ್ರು ಅಂತ ಬರತ್ತೆ. ಬಯೋಡೇಟಾದಲ್ಲಿ ಹಳೇ ಡೆಸಿಗ್ನೇಷನ್ ಇನ್ನೂ ಹಾಗೇ ಇದೆ.

ಮತ್ತೆ ನಮ್ಮ ಸಂಡೇ ಸ್ಕೂಲಿನ ಲೂಸಿಫರ್ ಎಲ್ಲಿ? ಯೆಶಾಯ 14ನೇ ಅಧ್ಯಾಯ ತೆಗೀರಿ, ಅದು ಬಾಬಿಲೋನಿನ ರಾಜನನ್ನ ಆಡ್ಕೊಂಡು ಹಾಡಿರೋ ಹಾಡು ಅಂತ ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಎಷ್ಟು ಮೆರೀತಿದ್ದೆ, ಬೆಳಗಿನ ಜಾವದ ಬೆಳ್ಳಿ ಚುಕ್ಕಿ, ಹೆಂಗೆ ಬಿದ್ದೆ ನೋಡು ಅಂತ. ಬೆಳ್ಳಿ ಸೂರ್ಯ ಬರೋಕೆ ಮುಂಚೆ ಜೋರಾಗಿ ಹೊಳೆದು ಆಮೇಲೆ ಕಾಣದೇ ಹೋಗತ್ತಲ್ಲ, ಅದರ ಹೋಲಿಕೆ. ಮೂರನೇ ಶತಮಾನದಲ್ಲಿ ಒರಿಜೆನ್ ಅನ್ನೋ ಕ್ರೈಸ್ತ ಪಂಡಿತ ಇದು ಬರೀ ಮನುಷ್ಯ ರಾಜನ ಬಗ್ಗೆ ಇರೋಕೆ ಸಾಧ್ಯ ಇಲ್ಲ, ಸೈತಾನನ ಬಗ್ಗೇನೇ ಅಂತ ವಾದ ಮಾಡ್ದ, ಸುಮಾರು 400ರ ಹೊತ್ತಿಗೆ ಜೆರೋಮ್ ಲ್ಯಾಟಿನ್‌ಗೆ ಅನುವಾದ ಮಾಡುವಾಗ ಆ ಚುಕ್ಕಿಗೆ ಲ್ಯಾಟಿನ್ನಿನ ಮಾಮೂಲಿ ಪದ ಲೂಸಿಫರ್ ಅಂತ ಹಾಕ್ದ, ಎರಡೂ ಸೇರಿ ಕೂತ್ಬಿಡ್ತು. ತಮಾಷೆ ಅಂದ್ರೆ ಅದೇ ಲ್ಯಾಟಿನ್ ಬೈಬಲಲ್ಲಿ ಪೇತ್ರನ ಎರಡನೇ ಪತ್ರದಲ್ಲಿ ನಿಮ್ಮ ಹೃದಯದಲ್ಲಿ ಬೆಳ್ಳಿ ಮೂಡೋ ತನಕ ಅನ್ನೋ ಕಡೇನೂ ಲೂಸಿಫರ್ ಅಂತಲೇ ಇದೆ, ಅಲ್ಲಿ ಅದು ಕ್ರಿಸ್ತನ ಕಡೆ ಬೆರಳು. ನಾಲ್ಕನೇ ಶತಮಾನದಲ್ಲಿ ಲೂಸಿಫರ್ ಅನ್ನೋ ಹೆಸರಿನ ಬಿಷಪ್ಪೇ ಇದ್ರು, ಸಾರ್ಡೀನಿಯಾ ದ್ವೀಪದಲ್ಲಿ.

ಯಾಕೆ ಬೇಕಿತ್ತು ಇಷ್ಟೆಲ್ಲ ಅಂದ್ರೆ, ನನಗೆ ತೋಚಿದ್ದು ಹೇಳ್ತೀನಿ. ರಕ್ಷಕ ಬಂದ ಅಂದ್ಮೇಲೆ ಯಾರ ಕೈಯಿಂದ ರಕ್ಷಣೆ ಅನ್ನೋ ಪ್ರಶ್ನೆ ಬಂದೇ ಬರತ್ತೆ. ಪರೀಕ್ಷೆ ಮಾಡೋ ಆಫೀಸರ್ ಕೈಯಿಂದ ಬಿಡಿಸೋಕೆ ದೇವರ ಮಗ ಶಿಲುಬೆ ಏರಬೇಕಾಗಿರ್ಲಿಲ್ಲ. ಅದಕ್ಕೆ ಸರಿಸಮ ಅಲ್ಲದಿದ್ರೂ ಹತ್ತಿರ ಹತ್ತಿರ ನಿಲ್ಲೋ ವೈರಿ ಬೇಕು. ನಾಲ್ಕನೇ ಶತಮಾನದ ನೀಸಾದ ಗ್ರೆಗರಿ ಅಂತೂ ಇದನ್ನ ಗಾಳ ಹಾಕಿ ಮೀನು ಹಿಡಿದಂಗೆ ಹೇಳ್ತಾನೆ, ಮನುಷ್ಯ ದೇಹ ಅನ್ನೋದು ಎರೆಹುಳ, ಒಳಗೆ ದೈವತ್ವದ ಕೊಕ್ಕೆ, ಸೈತಾನ ಆಸೆಬುರುಕ ಮೀನಿನ ಥರ ನುಂಗ್ದ ಸಿಕ್ಕಿಹಾಕ್ಕೊಂಡ. ಹನ್ನೊಂದನೇ ಶತಮಾನದ ಕೊನೇಲಿ ಆನ್ಸೆಲ್ಮ್ ಬಂದು ಛೇ ಅವನಿಗೆ ಮನುಷ್ಯರ ಮೇಲೆ ಏನು ಹಕ್ಕಿತ್ತು ಅಂತ ದೇವರು ಅವನ ಜೊತೆ ವ್ಯವಹಾರ ಮಾಡಬೇಕು ಅಂತ ಕೇಳೋ ತನಕ ಈ ಥರದ ವಿವರಣೆಗಳು ಚೆನ್ನಾಗೇ ನಡೀತು.

ಇದರಲ್ಲಿ ನಗೋಕಾಗದೇ ಇರೋ ಭಾಗವೂ ಇದೆ. ಯೋಹಾನ 8ನೇ ಅಧ್ಯಾಯದಲ್ಲಿ ಯೇಸು ತನ್ನ ಜೊತೆ ವಾದಕ್ಕಿಳಿದ ಯೆಹೂದಿಗಳಿಗೆ ಸೈತಾನ ನಿಮ್ಮ ತಂದೆ ಅಂತ ಹೇಳೋ ಮಾತಿದೆ. ಅದು ಒಂದೇ ಸಮುದಾಯದ ಒಳಜಗಳದ ಮಾತು, ಕುಮ್ರಾನಿನವರೂ ಬೇರೆ ಯೆಹೂದಿಗಳಿಗೆ ಹಿಂಗೇ ಬೈತಿದ್ರು. ಆದ್ರೆ ಚರ್ಚಿಗೆ ರಾಜ್ಯಾಧಿಕಾರ ಸಿಕ್ಕಿದ್ಮೇಲೆ ಆ ಮಾತು ಬೈಗುಳವಾಗಿ ಉಳೀಲಿಲ್ಲ, ಮಧ್ಯಯುಗದ ಯುರೋಪಲ್ಲಿ ಯೆಹೂದಿಗಳಿಗೆ ಕೊಂಬು ಇಟ್ಟು ಪಿಶಾಚಿ ಪಕ್ಕ ನಿಲ್ಲಿಸಿ ಚಿತ್ರ ಬರೆದ್ರು, ಊರು ಬಿಡಿಸಿದ್ರು, ಕೊಂದ್ರು. ಈ ವಚನವನ್ನ ನಮ್ಮ ಚರ್ಚಲ್ಲಿ ಓದೋವಾಗೆಲ್ಲ ಯಾರಾದ್ರೂ ಒಂದು ಮಾತು ವಿವರಿಸಿ ಹೇಳಬಾರದಾ ಅನ್ಸತ್ತೆ.

ಅತ್ತ ಯೆಹೂದಿ ಧರ್ಮಗುರುಗಳು, ಅಂದ್ರೆ ರಬ್ಬಿಗಳು, ಏನು ಮಾಡ್ತಿದ್ರು? ಅವರು ಸೈತಾನನನ್ನ ಕೆಲಸದಿಂದ ತೆಗೀಲೇ ಇಲ್ಲ. ರಬ್ಬಿಗಳ ಚರ್ಚೆಗಳನ್ನೆಲ್ಲ ಸೇರಿಸಿರೋ ತಾಲ್ಮೂದಿನಲ್ಲಿ ರೇಷ್ ಲಾಕಿಷ್ ಅನ್ನೋ ರಬ್ಬಿ ಸೈತಾನ, ನಮ್ಮೊಳಗಿನ ಕೆಟ್ಟ ತುಡಿತ, ಮೃತ್ಯುದೂತ ಮೂರೂ ಒಬ್ಬನೇ ಅಂತಾನೆ, ಅಂದ್ರೆ ಬೇರೆ ಸಾಮ್ರಾಜ್ಯ ಏನೂ ಇಲ್ಲ, ಒಂದೇ ಆಫೀಸು ಮೂರು ಕೌಂಟರ್. ಹೀಬ್ರೂನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇರತ್ತೆ, ಹಾ-ಸಾಟಾನ್ ಅನ್ನೋ ಅಕ್ಷರಗಳ ಲೆಕ್ಕ ಕೂಡಿಸಿದ್ರೆ, 5, 300, 9, 50, ಒಟ್ಟು 364 ಬರತ್ತೆ, ವರ್ಷಕ್ಕೆ 365 ದಿನ, ಹಂಗಾಗಿ ಯೋಮ್ ಕಿಪ್ಪುರ್ ಅನ್ನೋ ಯೆಹೂದಿಗಳ ಪ್ರಾಯಶ್ಚಿತ್ತದ ದಿನ ಒಂದು ಅವನಿಗೆ ದೂರು ಹೇಳೋಕೆ ಪರ್ಮಿಷನ್ ಇಲ್ಲ ಅಂತ ಇನ್ನೊಂದು ಕಡೆ. ವರ್ಷಕ್ಕೆ ಒಂದೇ ರಜೆ! ಎಲ್ಲಕ್ಕಿಂತ ನನಗಿಷ್ಟ ಪಪುನ್ಯ ಅನ್ನೋ ಊರಿನ ಕಥೆ. ಯೋಬನ ಮೇಲೆ ಸೈತಾನ ದೂರು ಹೇಳಿದ್ದು ಒಳ್ಳೇ ಉದ್ದೇಶಕ್ಕೇ, ದೇವರು ಯೋಬನನ್ನ ಹೊಗಳ್ತಾ ಹೊಗಳ್ತಾ ಎಲ್ಲಿ ಅಬ್ರಹಾಮನ ಪ್ರೀತಿ ಮರೆತುಬಿಡ್ತಾನೋ ಅಂತ ಅವನಿಗೆ ಹೆದ್ರಿಕೆ ಆಯ್ತು, ಅದಕ್ಕೆ ಹೇಳ್ದ ಅಂತ ಒಬ್ಬ ರಬ್ಬಿ ಪಾಠ ಮಾಡಿದ್ನಂತೆ. ಆಗ ಸೈತಾನ ಬಂದು ಅವನ ಪಾದಕ್ಕೆ ಮುತ್ತಿಟ್ನಂತೆ. ಅಷ್ಟು ವರ್ಷ ಬೈಸ್ಕೊಂಡು ಬೈಸ್ಕೊಂಡು ಕೊನೆಗೂ ಒಬ್ಬನಿಗಾದ್ರೂ ಅರ್ಥ ಆಯ್ತಲ್ಲ ಅಂತ.

ಹಂಗಂತ ಯೆಹೂದಿಗಳಲ್ಲಿ ಭಯಾನಕ ಸೈತಾನ ಇಲ್ಲವೇ ಇಲ್ಲ ಅಂತ ಅಲ್ಲ, ಸಮಾಯೇಲ ಅಂತ ಒಬ್ಬ ಬರ್ತಾನೆ, ಹದಿಮೂರನೇ ಶತಮಾನದ ಸ್ಪೇನಿನ ಕಬ್ಬಾಲಾ ಅನ್ನೋ ಯೆಹೂದಿ ಅನುಭಾವ ಪರಂಪರೇಲಿ ಇನ್ನೊಂದು ಕಡೆಯ ಶಕ್ತಿ ಅಂತ ದೊಡ್ಡ ವ್ಯವಸ್ಥೇನೇ ಇದೆ. ಆದ್ರೆ ನಂಬಿಕೆ ಅವನ ಮೇಲೆ ನಿಂತಿಲ್ಲ, ಅವನನ್ನ ತೆಗೆದ್ರೂ ಮನೆ ಬೀಳಲ್ಲ.

ಕೆಟ್ಟ ತುಡಿತದ ಬಗ್ಗೆ ತಾಲ್ಮೂದಿನಲ್ಲಿ ಇನ್ನೊಂದು ಕಥೆ ಇದೆ, ಕಳೆದ ವಾರ ಅದನ್ನ ಅಜ್ಜಿಗೆ ಫೋನಲ್ಲಿ ಹೇಳ್ದೆ. ಜನರೆಲ್ಲ ಪ್ರಾರ್ಥನೆ ಮಾಡಿ ಕಾಮದ ತುಡಿತವನ್ನ ಹಿಡಿದು ಮೂರು ದಿನ ಕಟ್ಟಿಹಾಕ್ತಾರೆ. ಅದನ್ನ ಕೊಂದ್ರೆ ಲೋಕಾನೇ ನಾಶ ಆಗತ್ತೆ ಅಂತ ಮೊದಲೇ ಎಚ್ಚರಿಕೆ ಸಿಕ್ಕಿರತ್ತೆ. ಆ ಮೂರು ದಿನದಲ್ಲಿ ಹುಷಾರಿಲ್ಲದೋರಿಗೆ ಕೊಡೋಕೆ ಅಂತ ಇಡೀ ಇಸ್ರಾಯೇಲ್ ದೇಶದಲ್ಲಿ ಹುಡುಕಿದ್ರೂ ಆ ದಿನ ಇಟ್ಟಿದ್ದು ಒಂದೇ ಒಂದು ಹಸಿ ಮೊಟ್ಟೆ ಸಿಗಲ್ಲ, ಕೋಳಿಗಳಿಗೂ ಆಸೆ ಸತ್ತುಹೋಗಿರತ್ತಲ್ಲ. ಕೊನೆಗೆ ಅದರ ಕಣ್ಣು ಕುರುಡು ಮಾಡಿ ಬಿಟ್ಟುಬಿಡ್ತಾರೆ. ನೋಡಿ ಅಜ್ಜಿ ಸೈತಾನ ಇಲ್ದಿದ್ರೆ ಮೊಟ್ಟೇನೂ ಇಲ್ಲ, ಎಂಥಾ ದೊಡ್ಡ ಮಾತು ಅಂತ ನಾನು ಕುಣೀತಿದೀನಿ.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ರು. ಹಿಂದೆ ಕೊಕ್ಕೊಕ್ಕೋ ಅಂತ ಸದ್ದು ಕೇಳಿಸ್ತಿತ್ತು.

"ಹುಂಜ ಇಲ್ದಿದ್ರೂ ಕೋಳಿ ಮೊಟ್ಟೆ ಇಕ್ತದೆ ಕಣೇ" ಅಂದ್ರು. "ಮರಿ ಆಗಲ್ಲ ಅಷ್ಟೆ. ಅದನ್ನ ಬರೆದೋನು ಕೋಳಿ ಸಾಕಿಲ್ಲ."